ಮೂಸತ್ತೆಯ ಮೂವತ್ತೇಳು ಫಲಕಗಳು

ಅವಳನ್ನು ಎಲ್ಲರೂ ಮೂಸತ್ತೆ ಎಂದು ಕರೆಯುತ್ತಿದ್ದರು. ಎದುರಿಗೆ ಬರೀ 'ಅತ್ತೆ', ಬೆನ್ನ ಹಿಂದೆ ಪೂರ್ತಿ ಹೆಸರು. ಅದು ಅವಳಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಮಿಕ್ಕವರಿಗೆ ಹೊಟ್ಟೆ ನೋಡಿ, ಬೋಳು ತಲೆ ನೋಡಿ ಅಡ್ಡಹೆಸರು ಇಡುತ್ತಾರೆ. ತನಗೆ ವಿದ್ಯೆ ನೋಡಿ ಇಟ್ಟಿದ್ದಾರಲ್ಲ ಎಂದು ಒಳಗೊಳಗೇ ಬೀಗುತ್ತಿದ್ದಳು.

ವಿದ್ಯೆ ಎಂದರೆ ಮೂಸುವುದು. ಇಪ್ಪತ್ತಾರು ವರ್ಷ ಗ್ಯಾಸ್ ಕಂಪನಿಯಲ್ಲಿ ಸೋರಿಕೆ ಹುಡುಕುವ ಕೆಲಸ ಮಾಡಿದವಳು ಅವಳು. ರಸ್ತೆಯ ಕೆಳಗೆ ಕೊಳವೆ, ರಸ್ತೆಯ ಮೇಲೆ ಅವಳ ಮೂಗು. ಕೈ ಹಿಂದೆ ಕಟ್ಟಿಕೊಂಡು, ಮುಖ ಮುಂದೆ ಚಾಚಿ, ಕಳೆದುಹೋದ ಚಪ್ಪಲಿ ಹುಡುಕುವವಳ ಹಾಗೆ ನಡೆಯುತ್ತಿದ್ದಳು. ಒಂದು ಕಡೆ ನಿಂತು "ಇಲ್ಲಿ ಅಗೀರಿ" ಎಂದರೆ ಮುಗಿಯಿತು, ಅಗೆಯಬೇಕು. ಅಗೆದಾಗ ಸೋರಿಕೆ ಸಿಗದೆ ಹೋದದ್ದು ಎರಡೇ ಸಲ. ಆ ಎರಡು ಸಲವೂ ಅಗೆದವರದೇ ತಪ್ಪು ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಆಮೇಲೆ ಊರು ಒಂದು ತೀರ್ಮಾನಕ್ಕೆ ಬಂತು. ನೆಲದಡಿಯಿಂದ ತೆಗೆದ ಎಣ್ಣೆ, ಗ್ಯಾಸು, ಕಲ್ಲಿದ್ದಲು, ಈ ಮೂರನ್ನೂ ಬಿಡುವುದು. ಅಡುಗೆಮನೆಯಿಂದ ಕಾರ್ಖಾನೆಯವರೆಗೆ ಎಲ್ಲವನ್ನೂ ಬಿಸಿಲು ಗಾಳಿಯ ಕರೆಂಟಿನಲ್ಲೇ ನಡೆಸುವುದು. ಕೊಳವೆಗಳಿಗೆ ಮುಚ್ಚಳ ಬಿತ್ತು. ಸೋರುವುದಕ್ಕೇ ಏನೂ ಇಲ್ಲದ ಮೇಲೆ ಸೋರಿಕೆ ಹುಡುಕುವವಳನ್ನು ಇಟ್ಟುಕೊಂಡು ಏನು ಮಾಡುವುದು? ನಗರಸಭೆಯವರು ಅವಳನ್ನು ಹೊಸದಾಗಿ ತೆರೆದ ಒಂದು ಆಫೀಸಿಗೆ ಹಾಕಿದರು. ಬೋರ್ಡಿನ ಮೇಲೆ ಆ ಆಫೀಸಿನ ಹೆಸರು ಎರಡು ಸಾಲು ಉದ್ದವಿತ್ತು. ಜನ 'ಒಲೆ ಆರಿಸೋ ಆಫೀಸು' ಎಂದು ಕರೆದು ಸುಲಭ ಮಾಡಿಕೊಂಡರು. ಮೂರು ಮೇಜು, ಒಂದು ಫ್ಯಾನು, ಒಂದು ಕಬ್ಬಿಣದ ಬೀರು, ಒಂದು ದಪ್ಪ ದಾಖಲೆ ಪುಸ್ತಕ. ಅಷ್ಟೇ ಆಫೀಸು.

ಅಲ್ಲಿನ ಕೆಲಸ ಹೀಗೆ. ಮನೆಯಾಗಲಿ, ಅಂಗಡಿಯಾಗಲಿ, ಶಾಲೆಯಾಗಲಿ, ಆ ಮೂರನ್ನೂ ಬಿಟ್ಟವರು ಬಂದು ಹೇಳಬೇಕು. ಬಿಟ್ಟು ಒಂದು ವರ್ಷ, ಮೇಲೆ ಒಂದು ದಿನ ಕಳೆದ ಮೇಲೆ ಆಫೀಸಿನವರು ಹೇಳದೆ ಕೇಳದೆ ಬಂದು ಪರೀಕ್ಷೆ ಮಾಡುತ್ತಾರೆ. ಸರಿಯಿದ್ದರೆ ಪುಸ್ತಕಕ್ಕೆ ಏರಿಸಿ, ಬಾಗಿಲ ಪಕ್ಕ ಅಂಗೈ ಅಗಲದ ನೀಲಿ ಫಲಕ ಹೊಡೆಯುತ್ತಾರೆ. ಫಲಕದ ಮೇಲೆ ಒಂದು ನಂಬರು, ಕೆಳಗೆ 'ನಿಂತ ದಿನ'. ಅದರಿಂದ ಸಿಗುವ ಲಾಭ ಏನೂ ಇರಲಿಲ್ಲ, ಪಕ್ಕದ ಮನೆಯವರು ಹೊಟ್ಟೆ ಉರಿದುಕೊಳ್ಳುವುದೊಂದನ್ನು ಬಿಟ್ಟು. ಜನಕ್ಕೆ ಅಷ್ಟು ಸಾಕಾಗಿತ್ತು. ಆ ಒಂದು ಉರಿಗೆ ಮಾತ್ರ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಉಳಿದದ್ದಕ್ಕೆಲ್ಲ ಕಾಲಂ ಇತ್ತು: ಸ್ಥಳ, ಏನು ಉರಿಯುತ್ತಿತ್ತು, ಎಂದಿನಿಂದ, ನಿಂತ ದಿನ, ಆರಿಸಿದವರು ಯಾರು. ಕೊನೆಯ ಕಾಲಂ 'ವಾಸನೆ'. ಅದರಲ್ಲಿ ಮೂಸತ್ತೆ 'ಶುದ್ಧ' ಎಂದು ಬರೆದು ಸಹಿ ಹಾಕಿದರೆ ಮಾತ್ರ ಫಲಕ. ಇದರ ಜೊತೆಗೆ ಅವಳದೇ ಒಂದು ಕಟ್ಟಳೆ ಇತ್ತು: ಉರಿಸದಿದ್ದರೂ ಸರಿ, ಹೊಸ್ತಿಲ ಒಳಗೆ ಒಂದು ಹನಿಯೂ ಇರಕೂಡದು. ಇದ್ದರೆ ಲೆಕ್ಕ ಮತ್ತೆ ಮೊದಲಿನಿಂದ, ಒಂದು ವರ್ಷ ಒಂದು ದಿನ. ಅವಳದೇ ಬೀದಿಯಲ್ಲಿ ಏಳನೇ ನಂಬರಿನ ಕಟಿಂಗ್ ಅಂಗಡಿಯವನು ಕೂದಲು ಕತ್ತರಿಸುವ ಮಿಷನ್ ತೊಳೆಯಲೆಂದು ಬಾಟಲಿಯ ತಳದಲ್ಲಿ ಒಂದು ಬೆರಳಷ್ಟು ಸೀಮೆಎಣ್ಣೆ ಇಟ್ಟುಕೊಂಡಿದ್ದ. ಮೂಸತ್ತೆ ಬಾಗಿಲಲ್ಲಿ ನಿಂತೇ ಕಂಡುಹಿಡಿದು ಅವನನ್ನು ಮತ್ತೊಂದು ವರ್ಷ ಕಾಯಿಸಿದಳು. ಆ ವರ್ಷ ಪೂರ್ತಿ ಅವನು ಅವಳ ಗಂಡನ ಕೂದಲನ್ನು ಬೇಕೆಂದೇ ಏರುಪೇರಾಗಿ ಕತ್ತರಿಸಿದ.

ಪುಸ್ತಕದ ಅಂಚಿನಲ್ಲಿ ಕಾಲಂ ಇಲ್ಲದ ಇನ್ನೊಂದು ವಿಷಯವನ್ನೂ ಅವಳು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು. "ಕೊನೇ ಸಲ ಉರಿಸಿದಾಗ ಏನು ಮಾಡಿದ್ರಿ?" ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಬೇಕರಿಯವನ ಕೊನೆಯ ತಟ್ಟೆ ಬನ್ನು ಸೀದುಹೋಗಿತ್ತಂತೆ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನು ಅದನ್ನು ಆರಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದಕ್ಕೊಂದು ಸಲಾಮು ಹೊಡೆದಿದ್ದ. ಹದಿನೆಂಟನೇ ಫಲಕದ ಅಜ್ಜಿ ಹಾಸಿಗೆ ಹಿಡಿದಿದ್ದ ಗಂಡನ ಕಾಲು ತೊಳೆಯಲು ನೀರು ಕಾಯಿಸಿದ್ದರು. "ಇದೆಲ್ಲ ಯಾಕೆ ಬೇಕು?" ಎಂದು ನಗರಸಭೆಯ ಅಧ್ಯಕ್ಷರು ಕೇಳಿದರೆ, "ಒಲೆ ಆರಿತು ಅಂತ ಬರೆಯೋಕೆ ಗುಮಾಸ್ತ ಸಾಕು. ಏನು ಆರಿತು ಅಂತ ಬರೆಯೋಕೆ ನಾನು ಬೇಕು" ಎನ್ನುತ್ತಿದ್ದಳು. ಜಂಬ ಅವಳಿಗೆ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಬೇಕು.

ಆಫೀಸಿಗೆ ಒಬ್ಬಳು ಇಂಜಿನಿಯರ್ ಬಂದಳು. ಜೊತೆಗೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ ತಂದಳು. ಎಣ್ಣೆ, ಗ್ಯಾಸಿನ ಆವಿ ತಗುಲಿದರೆ ಅದು ಕುಂಯ್ ಎನ್ನುತ್ತದೆ. ಮೂಸತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ ಪಂದ್ಯಕ್ಕೆ ಕರೆದಳು. ಎಂಟು ಬಟ್ಟಲುಗಳಲ್ಲಿ ನೀರು, ಒಂದರಲ್ಲಿ ಮಾತ್ರ ಸೂಜಿಯ ತುದಿಯಷ್ಟು ಡೀಸೆಲ್. ಯಂತ್ರ ಇನ್ನೂ ಬಿಸಿಯಾಗುತ್ತಿರುವಾಗಲೇ ಮೂಸತ್ತೆ ಐದನೇ ಬಟ್ಟಲು ತೋರಿಸಿ ಟೀ ಕುಡಿಯಲು ಹೋಗಿದ್ದಳು. ಡಬ್ಬಿ ಬೀರು ಸೇರಿತು. ಇಂಜಿನಿಯರ್‌ಗೆ 'ಡಬ್ಬಿ ಮೇಡಂ' ಎಂದು ಹೆಸರು ಬಿತ್ತು. ಪಾಪ, ಅವಳು ಒಳ್ಳೆಯ ಹುಡುಗಿ, ನಕ್ಕು ಸುಮ್ಮನಾದಳು.

ಇಷ್ಟೆಲ್ಲ ಮೆರೆದ ಮೂಗು ಒಂದು ಶೀತಕ್ಕೆ ಹೋಯಿತು. ಒಂದು ವಾರ ಜ್ವರ, ನೆಗಡಿ. ಎಂಟನೇ ದಿನ ಎದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದಳು. ಅವಳ ಮೊಳಕೈಯಿಂದ ಒಂದು ಗೇಣು ದೂರದಲ್ಲಿ ಹಾಲು ಉಕ್ಕಿ, ಸುರಿದು, ತಳ ಹಿಡಿದು, ಕಪ್ಪಾಗಿ, ಹೊಗೆ ಎದ್ದಿತ್ತು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಗಂಡ ಓಡಿ ಬಂದು ಸ್ವಿಚ್ ಆರಿಸಿದ. "ಏನೇ ಇದು, ಪಕ್ಕದಲ್ಲೇ ಕೂತಿದೀಯ!"

"ಏನೋ ಯೋಚನೆಯಲ್ಲಿದ್ದೆ ಕಣ್ರೀ."

ಅವನು ಆ ಕಡೆ ಹೋದ ಮೇಲೆ ಪಾತ್ರೆಯೊಳಗೆ ಮುಖ ಇಟ್ಟು ಉಸಿರೆಳೆದಳು. ಏನೂ ಇಲ್ಲ. ಸೋಪು ಮೂಸಿದಳು, ಬೆಳ್ಳುಳ್ಳಿ ಜಜ್ಜಿ ಮೂಸಿದಳು, ಕೊನೆಗೆ ನೆಲ ಒರೆಸುವ ಬಟ್ಟೆಯನ್ನೂ ಮೂಸಿದಳು. ಜಗತ್ತು ಚೆನ್ನಾಗಿ ತೊಳೆದಿಟ್ಟ ಗಾಜಿನ ಲೋಟದ ಹಾಗಿತ್ತು. ಮೂಗು ಬಿಟ್ಟರೆ ಅವಳಲ್ಲಿ ಇನ್ನೇನಿತ್ತು? ಸಣಕಲು ದೇಹ, ಮಂಡಿನೋವು, ಕೆಟ್ಟ ಕೋಪ. ಯಾರಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದಳು.

ಡಾಕ್ಟರು ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೇ ಎಂದು ಬೈದುಕೊಂಡು ಬಂದಳು. ಕೆಲಸಕ್ಕೆ ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ಕೋಣೆಯ ನಡುವೆ ನಿಂತು, ಕಣ್ಣು ಮುಚ್ಚಿ, ಹೊಳ್ಳೆ ಅರಳಿಸಿ, ಮೊದಲಿಗಿಂತ ಹೆಚ್ಚು ಹೊತ್ತು ಉಸಿರೆಳೆಯುತ್ತಿದ್ದಳು. ಆಮೇಲೆ ಕಣ್ಣು ಬಿಟ್ಟು ಪಾತ್ರೆಗಳ ತಳ ನೋಡುವಳು, ಮೂಲೆಯ ಜೇಡರಬಲೆಗೆ ಮಸಿ ಹಿಡಿದಿದೆಯೇ ನೋಡುವಳು, ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರ ಮುಖ ನೋಡುವಳು. ಸುಮ್ಮನೆ ಮೆಟ್ಟಿಲಿನ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, "ಅತ್ತೇ, ಮೆಟ್ಟಿಲ ಕೆಳಗೊಂದು ಹಳೇ ಡಬ್ಬ ಇದೆ, ನಿಮ್ಮ ಹತ್ರ ಏನು ಮುಚ್ಚಿಡೋದು" ಎಂದು ತಾವೇ ತಂದಿಡುತ್ತಿದ್ದರು. "ಗೊತ್ತಾಗಿತ್ತು, ನೀವೇ ಹೇಳ್ತೀರೇನೋ ಅಂತ ಕಾದೆ" ಎನ್ನುತ್ತಿದ್ದಳು ಮೂಸತ್ತೆ. ಹನ್ನೊಂದು ತಿಂಗಳಲ್ಲಿ ಹೀಗೆ ಮೂವತ್ತೇಳು ಫಲಕ ಹೊಡೆಸಿದಳು. ಮೂವತ್ತೇಳು ಸಲ 'ಶುದ್ಧ' ಎಂದು ಬರೆದು ಸಹಿ ಹಾಕಿದಳು.

ಇನ್ನು ಗಂಡನ ವಿಷಯ. ಅವನು ದರ್ಜಿ, ಸಾಧು ಪ್ರಾಣಿ. ಕೋಟು ಚೆನ್ನಾಗಿ ಹೊಲಿಯುತ್ತಾನೆ, ಗುಂಡಿ ಕೆಟ್ಟದಾಗಿ ಹಾಕುತ್ತಾನೆ. ಅವನ ಹೊಲಿಗೆ ಮಿಷನ್ ಅವನಪ್ಪನದು, ಕಾಲಿನಲ್ಲಿ ತುಳಿಯುವಂಥದ್ದು. ತಿಂಗಳಿಗೊಮ್ಮೆ ಅದರ ತಲೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯದಿದ್ದರೆ ಓಡುವುದಿಲ್ಲ ಎಂಬುದು ಅಪ್ಪನಿಂದ ಬಂದ ನಂಬಿಕೆ. ಹೆಂಡತಿಯ ಮೂಗಿಗೆ ಹೆದರಿ, ಮಿಷನ್ನಿನ ತಲೆಯನ್ನು ಮಗುವಿನ ಹಾಗೆ ಎತ್ತಿಕೊಂಡು, ಊರಾಚೆಯ ಗೆಳೆಯನ ಅಂಗಡಿಗೆ ಹೋಗಿ ತೊಳೆದುಕೊಂಡು ಬರುತ್ತಿದ್ದ. ಇತ್ತೀಚೆಗೆ ಅವನಿಗೆ ಧೈರ್ಯ ಬಂದಿತ್ತು. ಹೆಂಡತಿ ಯಾವುದಕ್ಕೂ ಮೂಗು ಮುರಿಯುತ್ತಿಲ್ಲ, ಬೈಯುತ್ತಿಲ್ಲ. ವಯಸ್ಸಾಯಿತು, ಮೆತ್ತಗಾಗಿದ್ದಾಳೆ, ನನಗೋಸ್ಕರ ಕಂಡೂ ಕಾಣದ ಹಾಗಿದ್ದಾಳೆ ಎಂದುಕೊಂಡ. ಒಂದು ಬಾಟಲಿ ಮನೆಗೇ ತಂದು ದಾರದ ಉಂಡೆಗಳ ಹಿಂದೆ ಇಟ್ಟ.

ಅಷ್ಟರಲ್ಲಿ ಅವರ ಬೀದಿಗೆ ಯೋಗ ಕೂಡಿಬಂತು. ಇಪ್ಪತ್ತೆರಡು ಬಾಗಿಲಿನ ಇಡೀ ಬೀದಿಯೇ ಬಿಟ್ಟಾಗಿತ್ತು. ಇಡೀ ಬೀದಿಗೆ ಒಂದೇ ದೊಡ್ಡ ಫಲಕ, ಊರಿನಲ್ಲೇ ಮೊದಲನೆಯದು. ಇಂಥ ಸ್ಥಳಗಳನ್ನು ಎಲ್ಲೆಡೆ ಹುಡುಕಿ ದಾಖಲಿಸುವ ಸಮಿತಿಯ ಮೂವರು ಕ್ಯಾಮೆರಾ ಸಮೇತ ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಇಂಜಿನಿಯರ್ ಮೆಲ್ಲಗೆ, "ಮೇಡಂ, ಒಂಬತ್ತನೇ ನಂಬರು ನಿಮ್ಮದೇ ಮನೆ. ಅದೊಂದಕ್ಕೆ ಡಬ್ಬಿ ಇಡೋಣ್ವಾ?" ಎಂದಳು.

"ನನ್ನ ಮನೆ ಅಂತ ನನ್ನ ಮೂಗು ಸುಳ್ಳು ಹೇಳುತ್ತಾ?" ಎಂದಳು ಮೂಸತ್ತೆ, ಧ್ವನಿ ಎತ್ತರಿಸಿ.

ಆ ದಿನ ಸಮಿತಿಯವರು ಡೀಸೆಲ್ ವ್ಯಾನಿನಲ್ಲಿ ಬಂದರು. ನಾಚಿಕೆಯಾಗಿ ಅದನ್ನು ಮೂರು ಬೀದಿ ಆಚೆ ನಿಲ್ಲಿಸಿ, ಬಿಸಿಲಲ್ಲಿ ಬೆವರು ಸುರಿಸುತ್ತ ನಡೆದು ಬಂದರು. ಅದೇ ಹೊತ್ತಿಗೆ ಒಂಬತ್ತನೇ ನಂಬರಿನಲ್ಲಿ ದರ್ಜಿಗೆ ಫೋಟೋದಲ್ಲಿ ಮಿಷನ್ ಹೊಳೆಯಬೇಕು ಅನ್ನಿಸಿತ್ತು. ಉಜ್ಜುವ ಭರದಲ್ಲಿ ಮೊಳಕೈ ತಗುಲಿ ಬಾಟಲಿ ಉರುಳಿತು. ಅರ್ಧ ಬಾಟಲಿ ಎಣ್ಣೆ ನೆಲಕ್ಕೆ, ಅಂಗಿಗೆ, ಚಾಡಿ ಹೇಳಲು ಕಾದಿದ್ದಂತೆ ಅದರ ನಾತ ಕೋಣೆಯ ನಾಲ್ಕೂ ಮೂಲೆಗೆ. ಅವನು ಕೈಗೆ ಸಿಕ್ಕ ಬಟ್ಟೆಯ ಚೂರುಗಳಿಂದ ಒರೆಸಿ, ಆ ಚೂರುಗಳನ್ನೇ ಮೇಜಿನ ಕೆಳಗಿನ ಬುಟ್ಟಿಗೆ ತುರುಕಿದ. ಇನ್ನೇನು, ಎಲ್ಲರೆದುರು ಬೈಸಿಕೊಳ್ಳುವುದೇ ಎಂದು ಕತ್ತಿನಲ್ಲಿ ಟೇಪು ಹಾಕಿಕೊಂಡು ತಲೆ ತಗ್ಗಿಸಿ ನಿಂತ.

ಮೂಸತ್ತೆ ಇಪ್ಪತ್ತೊಂದು ಬಾಗಿಲು ಮುಗಿಸಿ, ಕೊನೆಗೆ ಸ್ವಂತ ಮನೆಗೆ ಬಂದಳು. ಹಿಂದೆ ಅಧ್ಯಕ್ಷರು, ಸಮಿತಿಯ ಮೂವರು, ಇಂಜಿನಿಯರ್, ಬಾಗಿಲ ತುಂಬ ಬೀದಿಯವರು. ಒಳಗೆ ಕಾಲಿಟ್ಟ ತಕ್ಷಣ ಎಲ್ಲರೂ ಮಾತು ನಿಲ್ಲಿಸಿದರು. ಅವಳು ಅದನ್ನು ಗೌರವ ಎಂದುಕೊಂಡಳು. ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿದಳು. ಹೊಳ್ಳೆ ಅರಳಿಸಿ ಎದೆ ತುಂಬ ಉಸಿರೆಳೆದಳು, ಎರಡು ಸಲ.

"ಶುದ್ಧ," ಎಂದಳು. "ಒಂದು ಹನಿ ಇಲ್ಲ. ಬರ್ಕೊಳ್ಳಿ."

ಕಣ್ಣು ಬಿಟ್ಟಾಗ ಕ್ಯಾಮೆರಾದವಳು ದುಪಟ್ಟಾ ಮೂಗಿಗೆ ಒತ್ತಿಕೊಂಡಿದ್ದಳು. ಅಧ್ಯಕ್ಷರ ಕಣ್ಣಲ್ಲಿ ನೀರು. "ಅತ್ತೆ, ಇನ್ನೊಂದು ಸಲ ನೋಡ್ತೀರಾ?" ಎಂದರು ಅವರು. ಅಷ್ಟರಲ್ಲಿ ಇಂಜಿನಿಯರ್ ಹುಡುಗಿಯ ಚೀಲದೊಳಗಿಂದ ಕುಂಯ್ ಎಂದು ಸದ್ದು ಬಂತು. ಬೇಡವೆಂದರೂ ಅವಳು ಡಬ್ಬಿ ತಂದಿದ್ದಳು. ಸ್ವಿಚ್ ಸಿಗದೆ ಚೀಲದಲ್ಲಿ ಕೈಯಾಡಿಸಿದಳು. ಅದು ಇನ್ನೂ ಜೋರಾಗಿ ಅರಚಿತು.

ಬಾಗಿಲಿನಲ್ಲಿದ್ದ ಕಟಿಂಗ್ ಅಂಗಡಿಯವನಿಗೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ. "ಬೀದಿ ಕೊನೇವರೆಗೂ ಸೀಮೆಎಣ್ಣೆ ನಾರ್ತಾ ಇದೆ! ನಂದು ಬೆರಳಷ್ಟು ಸಿಕ್ತು ಅಂತ ಒಂದು ವರ್ಷ ಕಾಯಿಸಿದ್ರಿ. ಗಂಡಂದಾದ್ರೆ ಶುದ್ಧನಾ ಅತ್ತೆ?"

ದರ್ಜಿ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಅಲ್ಲಿ ಕೋಪವಿರಲಿಲ್ಲ, ನಾಟಕವಿರಲಿಲ್ಲ. ಏನಾಗುತ್ತಿದೆ ಎಂದು ಗೊತ್ತಿಲ್ಲದ ದಿಗಿಲಿತ್ತು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಆ ಗಳಿಗೆಯಲ್ಲಿ ಎಲ್ಲ ತಿಳಿಯಿತು, ಉಕ್ಕಿದ ಹಾಲು ಕೂಡ. ತಕ್ಷಣ ಅವನು ಮುಂದೆ ಬಂದ. "ತಪ್ಪು ನಂದು ಸ್ವಾಮಿ. ಇವತ್ತೊಂದು ದಿನ ಸುಮ್ನಿರು ಅಂತ ನಾನೇ ಇವಳ ಕೈಕಾಲು ಹಿಡಿದು ಬೇಡ್ಕೊಂಡೆ."

ಮೂಸತ್ತೆಗೆ ಎರಡು ದಾರಿ ಇದ್ದವು, ಎರಡೂ ಕೆಟ್ಟವು. ಸುಮ್ಮನಿದ್ದರೆ ಗಂಡನಿಗಾಗಿ ಸುಳ್ಳು ಹೇಳಿದವಳಾಗುತ್ತಾಳೆ, ಆದರೆ ಮೂಗು ಉಳಿಯುತ್ತದೆ. ಬಾಯಿ ಬಿಟ್ಟರೆ ಮೂಗು ಹೋಗುತ್ತದೆ, ಜೊತೆಗೆ ಮೂವತ್ತೇಳು ಸಹಿಗಳೂ. ಕತ್ತಿನಲ್ಲಿ ಟೇಪು ಹಾಕಿಕೊಂಡು, ಎಣ್ಣೆಯಲ್ಲಿ ತೊಯ್ದು, ತನಗೋಸ್ಕರ ಊರೆದುರು ಹಸಿ ಸುಳ್ಳು ಹೇಳುತ್ತಿರುವ ಮನುಷ್ಯನನ್ನು ನೋಡಿದಳು. ಅವನ ಮೇಲೆ ಅವಳಿಗೆ ಅಂಥ ಪ್ರೀತಿ ಬಂದು ಎಷ್ಟೋ ವರ್ಷವಾಗಿತ್ತು. ಅದರಿಂದ ಸಿಟ್ಟೂ ಬಂತು.

"ಸುಳ್ಳು," ಎಂದಳು. "ಈ ಮನುಷ್ಯನಿಗೆ ನೆಟ್ಟಗೆ ಗುಂಡಿ ಹಾಕೋಕೂ ಬರಲ್ಲ, ಸುಳ್ಳು ಹೇಳೋಕೂ ಬರಲ್ಲ. ನನಗೆ ವಾಸನೆ ಬರಲ್ಲ. ಹನ್ನೊಂದು ತಿಂಗಳಾಯ್ತು. ಏನೂ ಬರಲ್ಲ."

ಯಾರೂ ನಂಬಲಿಲ್ಲ. ಕಟಿಂಗ್ ಅಂಗಡಿಯವನು ಓಡಿಹೋಗಿ, ಗಡ್ಡ ಹೆರೆದ ಮೇಲೆ ಹಚ್ಚುವ, ಕಣ್ಣು ಉರಿಯುವಂಥ ಸೆಂಟಿನ ಬಾಟಲಿ ತಂದು ಮುಚ್ಚಳ ತೆಗೆದು ಅವಳ ಹೊಳ್ಳೆಗೆ ಹಿಡಿದ. ಅವಳು ದೀರ್ಘವಾಗಿ ಎಳೆದಳು. "ನೀರು," ಎಂದಳು. ಅವನು ಬಾಟಲಿ ಮುಚ್ಚಿ ಜೇಬಿಗೆ ಹಾಕಿಕೊಂಡ.

ಸಮಿತಿಯವರು ಬಂದ ದಾರಿಯಲ್ಲೇ ವ್ಯಾನಿಗೆ ನಡೆದರು. ಅಧ್ಯಕ್ಷರು ಮೂವತ್ತೇಳು ಫಲಕಗಳನ್ನೂ ತಡೆಹಿಡಿದು, ಮತ್ತೆ ಪರೀಕ್ಷೆ ಆಗಲಿ ಎಂದರು. ಮಾರನೆಯ ದಿನ ಮೂಸತ್ತೆ ತಾನೇ ಬೀರು ತೆಗೆದು ಡಬ್ಬಿಗೆ ಹೆಗಲಪಟ್ಟಿ ಹಾಕಿಕೊಟ್ಟಳು. "ನಡಿ. ಬೈಸಿಕೊಳ್ಳೋಕೆ ನಾನಿರ್ತೀನಿ, ನೀನು ಅದನ್ನ ಹಿಡ್ಕೊ." ಹದಿನೆಂಟು ದಿನ ಇಬ್ಬರೂ ತಿರುಗಿದರು. ಪ್ರತಿ ಹೊಸ್ತಿಲಲ್ಲೂ ಅವಳು ಮೊದಲು ಹೇಳುತ್ತಿದ್ದುದು ಒಂದೇ ಮಾತು: "ಅವತ್ತು ನಿಮ್ಮ ಮನೇಲಿ ನನಗೇನೂ ವಾಸನೆ ಬಂದಿರಲಿಲ್ಲ. ಬಂದ ಹಾಗೆ ಮಾಡಿದ್ದೆ. ತಪ್ಪಾಯ್ತು."

ಮೂವತ್ತೇಳು ಕಡೆಯೂ ಡಬ್ಬಿ ತೆಪ್ಪಗಿತ್ತು. ಮೊದಲು ಅದು ಕೆಟ್ಟಿದೆ ಎಂದುಕೊಂಡರು. ಮನೆಗೆ ತಂದು ದರ್ಜಿಯ ಅಂಗಿ ತೋರಿಸಿದರೆ ಕುಂಯ್ ಎಂದಿತು. ನಿಜವಾದ ಕಾರಣ ಹೇಳಿದ್ದು ಆ ಮೂವತ್ತೇಳರಲ್ಲಿ ಒಂದು ಮನೆಯ ಮುದುಕಿ. "ನಿನ್ನ ಮೂಗಿಗೆ ಹೆದರಿ ನಮ್ಮೆಜಮಾನರ ಸಿಗರೇಟ್ ಲೈಟರನ್ನೂ ಹೂವಿನ ಕುಂಡದಲ್ಲಿ ಹೂತು, ಆಮೇಲೆ ಆ ಕುಂಡಾನೇ ಆಚೆ ಕೊಟ್ಟೆ ಕಣಮ್ಮ. ಮೂಗಿರಲಿಲ್ಲ ಅಂತ ಮೊದಲೇ ಹೇಳಬಾರದಾಗಿತ್ತಾ? ಒಳ್ಳೇ ಕುಂಡ ಅದು!"

ಫಲಕಗಳು ಉಳಿದವು. ಪುಸ್ತಕದಲ್ಲಿ 'ವಾಸನೆ' ಎಂಬ ಕಾಲಂಗೆ ಗೀಟು ಎಳೆದು 'ಯಂತ್ರ' ಎಂದು ಬರೆದರು. ಅಧ್ಯಕ್ಷರು ಮೂಸತ್ತೆಯನ್ನು ಕೆಲಸದಿಂದ ತೆಗೆಯಲಿಲ್ಲ. ಅಂಚಿನಲ್ಲಿ ಬರೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ. ಬೀದಿಯ ದೊಡ್ಡ ಫಲಕ ಮಾತ್ರ ಗೋಣಿಚೀಲ ಸುತ್ತಿಕೊಂಡು ಆಫೀಸಿನ ಮೂಲೆಯಲ್ಲಿ ನಿಂತಿತು. ಒಂಬತ್ತನೇ ನಂಬರಿಗೆ ಲೆಕ್ಕ ಮತ್ತೆ ಮೊದಲಿನಿಂದ, ಒಂದು ವರ್ಷ ಒಂದು ದಿನ. ಕಟ್ಟಳೆ ಅವಳದೇ, ಬಾಯಿ ಬಿಡುವ ಹಾಗಿರಲಿಲ್ಲ. ಇಪ್ಪತ್ತೊಂದು ಬಾಗಿಲಿನವರು ಎದುರಿಗೆ ಸಿಕ್ಕಾಗಲೆಲ್ಲ ಮೂಗು ಹಿಡಿದುಕೊಂಡು ತಮಾಷೆ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಇಂಜಿನಿಯರ್ ಪುಸ್ತಕ ಹಿಡಿದು ಅವಳ ಮನೆಗೇ ಬಂದಳು. ಲೆಕ್ಕ ಹೊಸದಾಗಿ ಶುರುವಾದ ಒಂಬತ್ತನೇ ನಂಬರಿನ ಪುಟ ತುಂಬಬೇಕಿತ್ತು. ಮುಂದಿನ ಕೋಣೆಯಲ್ಲಿ ದರ್ಜಿ ಮಿಷನ್ ತುಳಿಯುತ್ತಿದ್ದ. ಈಗ ಅದಕ್ಕೆ ಕೊಬ್ಬರಿ ಎಣ್ಣೆ, ಸ್ವಲ್ಪ ಕಿರುಗುಡುತ್ತಿತ್ತು. ಸ್ಥಳ, ಏನು, ಎಂದಿನಿಂದ, ಯಾರು, ಎಲ್ಲ ಬರೆದಾಯಿತು. ಇಂಜಿನಿಯರ್ ಪೆನ್ನನ್ನು ಅಂಚಿಗೆ ತಂದು ನಿಲ್ಲಿಸಿದಳು.

"ಎಲ್ಲರನ್ನೂ ನೀವು ಕೇಳ್ತೀರಲ್ಲ ಮೇಡಂ, ಹಾಗೆ ನಿಮ್ಮನ್ನ ಕೇಳಲಾ? ಕೊನೇ ಸಲ ಏನು ಮೂಸಿದ್ರಿ?"

ಮೂಸತ್ತೆ ಗೋಡೆಯ ಕಡೆ ನೋಡಿದಳು. ಇಷ್ಟು ವರ್ಷ ಈ ಪ್ರಶ್ನೆ ಕೇಳಿದಾಗ ಜನ ಯಾಕೆ ಸ್ವಲ್ಪ ಹೊತ್ತು ಗೋಡೆ ನೋಡುತ್ತಿದ್ದರು ಎಂದು ಅವಳಿಗೆ ಈಗ ಗೊತ್ತಾಯಿತು.

"ಇವರನ್ನ," ಎಂದು ಗದ್ದದಿಂದ ಗಂಡನ ಕಡೆ ತೋರಿಸಿದಳು. "ಶೀತ ಹಿಡಿಯೋ ಮುಂಚಿನ ದಿನ. ಅದೆಲ್ಲೋ ಹೋಗಿ ಮಿಷನ್ ತೊಳ್ಕೊಂಡು ಬಂದಿದ್ರು. ಸೀಮೆಎಣ್ಣೆ, ಬೆವರು, ಬಿಸಿಲು, ಎಲ್ಲ ಸೇರಿ. ಥೂ ನಾರ್ತೀರ, ಹೋಗಿ ಸ್ನಾನ ಮಾಡಿ ಅಂತ ಬಾಗಿಲಿಂದಲೇ ಓಡಿಸಿದೆ. ಅದೇ ಕೊನೆ ಅಂತ ಗೊತ್ತಿದ್ದಿದ್ರೆ ಇನ್ನೂ ಒಂದು ಗಳಿಗೆ ಹತ್ರ ನಿಂತ್ಕೋತಿದ್ದೆ."

ಮಿಷನ್ ನಿಂತಿತು. ಇಂಜಿನಿಯರ್ ತಲೆ ತಗ್ಗಿಸಿ ಬರೆಯತೊಡಗಿದಳು. ದರ್ಜಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಎತ್ತದೆ ಹೇಳಿದ: "ಅವತ್ತಿಂದ ದಿನಕ್ಕೆ ಎರಡು ಸಲ ಸ್ನಾನ ಮಾಡ್ತಾ ಇದೀನಿ. ನೀನು ಬೈಯೋದು ನಿಲ್ಸಿದ್ದು ಸೋಪಿಂದ ಅಂತ ಮೊದಮೊದಲು ಅಂದ್ಕೊಂಡಿದ್ದೆ."

ಮೂಸತ್ತೆ ನಕ್ಕಳು. ಹನ್ನೆರಡು ತಿಂಗಳಲ್ಲಿ ಅಷ್ಟು ನಕ್ಕಿರಲಿಲ್ಲ; ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡರೂ ನಿಲ್ಲಲಿಲ್ಲ.

"ಇವತ್ತು ಸಂಜೆ ಸ್ನಾನ ಬೇಡ ಬಿಡಿ," ಎಂದಳು.